ಚಿತ್ರಕೃಪೆ: ಅಂತರ್ಜಾಲ — ಗೋವಾದ ಒಂದು ಕ್ಯಾಮೆರಾ ದುಡಿಮೆಯನ್ನು ಓದುವ ಪ್ರಯತ್ನ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ನನ್ನ ವಿಷಯ ಕನ್ನಡ ಎಂ.ಎ. ತರಗತಿಗೆ ಸ್ವಲ್ಪ ಹೊರಗಿನದು ಅನ್ನಿಸಬಹುದು. ಅದಕ್ಕೇ ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೇನೆ.

ಕಳೆದ ವರ್ಷ ನಮ್ಮ ಸಿನಿಮಾ ಬಳಗದ ಕಾರ್ಯಕ್ರಮಕ್ಕೆ ಪೋಸ್ಟರ್ ಮಾಡಿದವಳು ನಾನು. ಅತಿಥಿಯಾಗಿ ಬರಲಿದ್ದ ನಿರ್ದೇಶಕರ ಫೋಟೊ ಬೇಕಿತ್ತು. ಗೂಗಲ್‌ನಲ್ಲಿ ಹುಡುಕಿದೆ, ಒಂದು ಚೆನ್ನಾಗಿರೋದು ಸಿಕ್ಕಿತು, ಇಳಿಸಿಕೊಂಡೆ, ಮೇಲೆ ಹಳದಿ ಅಕ್ಷರ ಕೂರಿಸಿದೆ. ಕೆಳಗಡೆ ಸಣ್ಣದಾಗಿ ‘ಚಿತ್ರಕೃಪೆ: ಅಂತರ್ಜಾಲ’ ಅಂತ ಬರೆದೆ. ಅಷ್ಟನ್ನೂ ಬರೆಯದವರೇ ಹೆಚ್ಚು, ನಾನಾದರೂ ಬರೆದೆನಲ್ಲ ಅನ್ನುವ ಸಣ್ಣ ಹೆಮ್ಮೆ ಬೇರೆ. ಪೋಸ್ಟರನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ ಹತ್ತು ನಿಮಿಷಕ್ಕೆ ವಾಸ್ಕೋದಿಂದ ಅಣ್ಣನ ಫೋನು.

“ಏ ತಂಗಿ, ಅದು ನಾ ತಗದಿದ್ದ ಫೋಟೊ ಐತಿ.”

ನಾನು ನಂಬಲಿಲ್ಲ. ಹೆಂಗ ಗೊತ್ತಾತು ಅಣ್ಣಾ, ಅಂದೆ.

“ಎಡಗಡೆ ಮೂಲ್ಯಾಗ ನೋಡು, ಅರ್ಧ ಮೊಣಕೈ ಕಾಣತೈತಿ. ಅದು ನನ್ನ ಬಾಜೂಕ ನಿಂತಿದ್ದ ಕ್ಯಾಮೆರಾದಾಂವಂದು. ಕತ್ತರಿಸಾಕ ಟೈಮ್ ಇರಲಿಲ್ಲ, ಹಂಗ ಕಳಿಸಿದ್ದೆ.”

ನೋಡಿದರೆ ಹೌದು, ಕಪ್ಪು ಅಂಗಿಯ ಮೊಣಕೈ. ನಾನು ಅದನ್ನು ನೆರಳು ಅಂದುಕೊಂಡಿದ್ದೆ. ಬಯ್ಯಲಿಲ್ಲ ಅವನು. ‘ಚಲೋ ಬಂದೈತಿ ಪೋಸ್ಟರ್’ ಅಂತ ಹೇಳಿ ಇಟ್ಟ. ಈ ಪ್ರಬಂಧ ಹುಟ್ಟಿದ್ದು ಆ ಮೊಣಕೈಯಿಂದ.

ಅಣ್ಣ ಅಂದರೆ ನನ್ನ ದೊಡ್ಡಪ್ಪನ ಮಗ. ದೊಡ್ಡಪ್ಪ ಹಾವೇರಿ ಕಡೆಯಿಂದ ಗೌಂಡಿ ಕೆಲಸಕ್ಕೆ ವಾಸ್ಕೋಗೆ ಹೋದವರು. ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್ ರಾಕ್, ದೂಧಸಾಗರ ದಾಟಿ ಇಳಿಯುವ ರೈಲಿನಲ್ಲಿ ಹೋದ ಉತ್ತರ ಕರ್ನಾಟಕದ ಸಾವಿರಾರು ಕುಟುಂಬಗಳಲ್ಲಿ ನಮ್ಮದೂ ಒಂದು. ಬೈನಾದ ಕಡಲ ದಂಡೆ, ಝುವಾರಿನಗರ, ಈ ಹೆಸರುಗಳು ನಮ್ಮ ಮನೆಯಲ್ಲಿ ಹಾನಗಲ್ಲು, ಸವಣೂರಿನಷ್ಟೇ ಸಲೀಸು. ಅಲ್ಲಿ ನಮ್ಮವರಿಗೆ ‘ಘಾಟಿ’ ಅನ್ನುತ್ತಾರೆ, ಘಟ್ಟದ ಮೇಲಿಂದ ಬಂದವರು ಅಂತ. ಅದು ಬರೀ ಭೂಗೋಳದ ಮಾತಲ್ಲ ಅನ್ನುವುದು ಅಲ್ಲಿ ಎರಡು ದಿನ ಇದ್ದವರಿಗೂ ತಿಳಿಯುತ್ತದೆ. ಅಣ್ಣ ಯಾವ ಪತ್ರಿಕೆಯ ನೌಕರನೂ ಅಲ್ಲ. ಸೀಸನ್‌ನಲ್ಲಿ, ಅಂದರೆ ಅಕ್ಟೋಬರಿನಿಂದ ಮಾರ್ಚಿನವರೆಗೆ, ತಾರೆಯರು ಬರುವ ಸಮಾರಂಭಗಳ ಫೋಟೊ ತೆಗೆಯುತ್ತಾನೆ. ಮಳೆಗಾಲದಲ್ಲಿ ಹಳೆಯ ಫೋಟೊಗಳನ್ನು ತಿದ್ದಿ ಸ್ಟಾಕ್ ತಾಣಗಳಿಗೆ ಏರಿಸುತ್ತಾನೆ.

ಮೊದಲು ‘ಚಿತ್ರಕೃಪೆ’ ಅನ್ನುವ ಪದವನ್ನೇ ನೋಡೋಣ. ಕೃಪೆ ಅನ್ನುವುದು ದೇವರದ್ದು, ಗುರುವಿನದು, ಅರಸನದು. ಮೇಲಿನಿಂದ ಕೆಳಗೆ ಸುಮ್ಮನೆ ಇಳಿದುಬರುವಂಥದ್ದು, ಬೆಲೆ ಕಟ್ಟಬಾರದ್ದು. ಯಾರೋ ಬೆವರು ಸುರಿಸಿ ಮಾಡಿದ ಕೆಲಸವನ್ನು ನಾವು ಕೃಪೆ ಅಂತ ಕರೆದ ಕೂಡಲೇ ಅದು ದುಡಿಮೆಯ ಪಟ್ಟಿಯಿಂದ ಹೊರಗೆ ಹೋಯಿತು. ಇನ್ನು ಕೃಪೆ ಮಾಡಿದವರು ಯಾರು? ಅಂತರ್ಜಾಲ! ಅದಕ್ಕೆ ಮುಖವಿಲ್ಲ, ಬ್ಯಾಂಕ್ ಖಾತೆಯಿಲ್ಲ, ಅದು ಜಗಳಕ್ಕೆ ಬರುವುದಿಲ್ಲ. ಕನ್ನಡದ ಪತ್ರಿಕೆಗಳಲ್ಲಿ, ಪುಸ್ತಕದ ಮುಖಪುಟಗಳಲ್ಲಿ, ನಮ್ಮದೇ ಸಂಕಿರಣಗಳ ಆಹ್ವಾನಪತ್ರಿಕೆಗಳಲ್ಲಿ ಈ ಎರಡು ಪದಗಳನ್ನು ಎಷ್ಟು ಸಲ ಓದಿದ್ದೇವೆ. ಸೌಜನ್ಯದ ವೇಷದಲ್ಲಿರುವ ಅಳಿಸುವ ರಬ್ಬರ್ ಅದು, ಅಂತ ನನಗೆ ಈಗ ಅನ್ನಿಸುತ್ತದೆ.

ಇಲ್ಲಿ ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೊಂದು ಮುಜುಗರ ಇದೆ. ಮೊದಲ ಸೆಮಿಸ್ಟರಿನಲ್ಲೇ ನಾವು ರೋಲಾಂ ಬಾರ್ಥ್‌ನ ‘ಲೇಖಕನ ಸಾವು’ ಓದಿ ಖುಷಿಪಟ್ಟವರು. ಆದರೆ ಸಾಯಬೇಕಾದರೆ ಮೊದಲು ಹುಟ್ಟಿರಬೇಕಲ್ಲ. ಪೋಸ್ಟರಿನ ಫೋಟೊ ತೆಗೆದವನು ನಮ್ಮ ಲೆಕ್ಕದಲ್ಲಿ ಲೇಖಕ ಅಂತ ಹುಟ್ಟಿಯೇ ಇಲ್ಲ. ಅದೇ ಬಾರ್ಥ್ 1980ರಲ್ಲಿ ಛಾಯಾಚಿತ್ರದ ಬಗ್ಗೆ ಬರೆದ ‘ಕ್ಯಾಮೆರಾ ಲೂಸಿಡಾ’ದಲ್ಲಿ ಮೂರು ಪಾತ್ರ ಹೇಳುತ್ತಾನೆ: ತೆಗೆಯುವವನು, ತೆಗೆಸಿಕೊಳ್ಳುವವನು, ನೋಡುವವನು. ನಾನು ಛಾಯಾಗ್ರಾಹಕನಲ್ಲ, ಆದ್ದರಿಂದ ಮೊದಲನೆಯವನ ಬಗ್ಗೆ ಮಾತಾಡಲಾರೆ ಅಂತ ಪ್ರಾಮಾಣಿಕವಾಗಿ ಪಕ್ಕಕ್ಕೆ ಇಡುತ್ತಾನೆ. ಅವನೇನೋ ಹೇಳಿ ಇಟ್ಟ. ಅವನನ್ನು ಉಲ್ಲೇಖಿಸುವ ನಾವು ಹೇಳದೆಯೇ ಇಟ್ಟೆವು. 1977ರ ಸೂಸನ್ ಸೊಂಟಾಗ್ ಪುಸ್ತಕದಲ್ಲಿಯೂ ಕ್ಯಾಮೆರಾ ಅಧಿಕಾರದ ಸಾಧನ, ಕಸಿಯುವ ಕಣ್ಣು. ಅದು ನಿಜವೇ. ಆದರೆ ಆ ಕಣ್ಣಿಗೆ ಬಾಡಿಗೆ ಲೆನ್ಸ್ ಇದೆ, ಬೆಳಗ್ಗೆ ಹತ್ತಕ್ಕೆ ಅದನ್ನು ವಾಪಸ್ ಕೊಡಬೇಕು ಅನ್ನುವುದು ಈ ಸಿದ್ಧಾಂತದೊಳಗೆ ಬರುವುದಿಲ್ಲ.

ಕನ್ನಡದಲ್ಲಿ ತೆಗೆಯುವವನೇ ಬರೆದ ಪುಸ್ತಕ ಇಲ್ಲವೇ ಅಂದರೆ, ಇದೆ. ಟಿ.ಎಸ್. ಸತ್ಯನ್ ಅವರ ‘ಕಾಲಕ್ಕೆ ಕನ್ನಡಿ’. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದವರು, ‘ಡೆಕ್ಕನ್ ಹೆರಾಲ್ಡ್’, ‘ಇಲ್ಲಸ್ಟ್ರೇಟೆಡ್ ವೀಕ್ಲಿ’ಗಳ ಒಡನಾಟದ ನಂತರ ಬದುಕಿನ ಬಹುಭಾಗವನ್ನು ಸ್ವತಂತ್ರ ಛಾಯಾಗ್ರಾಹಕರಾಗಿಯೇ ಕಳೆದವರು, ಯುನಿಸೆಫ್‌ಗಾಗಿ ಮಕ್ಕಳನ್ನು ಚಿತ್ರಿಸಿದವರು, 1977ರಲ್ಲಿ ಪದ್ಮಶ್ರೀ ಪಡೆದವರು. ನನಗೆ ಬಹಳ ಇಷ್ಟದ ಪುಸ್ತಕ. ಆದರೂ ಅದರ ಹೆಸರಿನ ಬಗ್ಗೆ ಒಂದು ತಕರಾರು. ಕನ್ನಡಿಗೆ ಕೈ ಇರುವುದಿಲ್ಲ. ಕನ್ನಡಿ ಕಾಯುವುದಿಲ್ಲ, ದಣಿಯುವುದಿಲ್ಲ, ಬಿಲ್ ಕಳಿಸುವುದಿಲ್ಲ. 2005ರಲ್ಲಿ ಬಂದ ಅವರ ಇಂಗ್ಲಿಷ್ ಆತ್ಮಕಥೆಯ ಹೆಸರು ‘ಅಲೈವ್ ಆ್ಯಂಡ್ ಕ್ಲಿಕಿಂಗ್’. ಅದರಲ್ಲಿ ಉಸಿರಿದೆ, ಗುಂಡಿ ಒತ್ತುವ ಬೆರಳಿದೆ. ಕನ್ನಡದ ಹೆಸರಿನಲ್ಲಿ ಬೆರಳಿಲ್ಲದೆ ಕನ್ನಡಿ ಇರುವುದು ನಮ್ಮ ಅಭಿರುಚಿಯ ಬಗ್ಗೆ ಏನೋ ಹೇಳುತ್ತದೆ. ಕಲಾವಿದ ಅಂದಮೇಲೆ ಅವನು ಕೆಲಸಗಾರ ಅನ್ನುವುದು ನಮಗೆ ಚಂದ ಕಾಣುವುದಿಲ್ಲ. ಮತ್ತೊಂದು ಮಾತು. ಸತ್ಯನ್ ಅವರ ಹೆಸರು ಉಳಿದದ್ದು ಅವರ ಪ್ರತಿಭೆಯಿಂದ ಮಾತ್ರ ಅಲ್ಲ. ಚಿತ್ರಕ್ಕೆ ಪುಟಗಟ್ಟಲೆ ಜಾಗ ಕೊಟ್ಟು, ಕೆಳಗೆ ಹೆಸರು ಹಾಕುವ ವಾರಪತ್ರಿಕೆಗಳಿದ್ದ ಕಾಲ ಅದು. ಸಾಹಿತಿಗಳ ಮುಖಗಳನ್ನು ದಶಕಗಳ ಕಾಲ ಚಿತ್ರಿಸಿದ ಎ.ಎನ್. ಮುಕುಂದ ಅವರದೂ ನಮಗೆ ಗೊತ್ತಿರುವ ಹೆಸರೇ. ಹಾಗಿದ್ದೂ ನಾವು ಪಠ್ಯದಲ್ಲಿ ಓದುವ ಲೇಖಕರ ಭಾವಚಿತ್ರಗಳಲ್ಲಿ ಯಾವುದು ಯಾರು ತೆಗೆದದ್ದು ಅಂತ ಇಲ್ಲಿ ಕೂತಿರುವ ಎಷ್ಟು ಜನ ಹೇಳಬಲ್ಲೆವು? ನನ್ನನ್ನೂ ಸೇರಿಸಿಯೇ ಕೇಳ್ತಿದ್ದೇನೆ.

ಇನ್ನು ಅಣ್ಣನ ಕೆಲಸಕ್ಕೆ ಬರುತ್ತೇನೆ. ಹೋದ ನವೆಂಬರಿನಲ್ಲಿ ನಾಲ್ಕು ದಿನ ಅವನ ಬ್ಯಾಗ್ ಹೊತ್ತು ಹಿಂದೆ ತಿರುಗಿದೆ. ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ, ಇಫಿ, 1952ರಲ್ಲಿ ಶುರುವಾಗಿ ಊರೂರು ತಿರುಗಿ 2004ರಿಂದ ಗೋವಾದಲ್ಲಿ ನಡೆಯುತ್ತಿದೆ. ನಾವು ಇಫಿಯನ್ನು ಓದುವುದು ಸಿನಿಮಾಗಳ ಮೂಲಕ. 2022ರಲ್ಲಿ ಪೃಥ್ವಿ ಕೊಣನೂರು ಅವರ ‘ಹದಿನೇಳೆಂಟು’ ಇಂಡಿಯನ್ ಪನೋರಮಾದ ಉದ್ಘಾಟನಾ ಚಿತ್ರವಾದಾಗ, ಮರುವರ್ಷ ‘ಕಾಂತಾರ’ಕ್ಕೆ ವಿಶೇಷ ಜ್ಯೂರಿ ಪ್ರಶಸ್ತಿ ಬಂದಾಗ ನಮಗೆಲ್ಲ ಖುಷಿಯಾಯಿತು. ಅಣ್ಣ ಇಪ್ಪತ್ತು ವರ್ಷದ ಇಫಿಯಲ್ಲಿ ನೋಡಿದ ಸಿನಿಮಾ ಎರಡೋ ಮೂರೋ. ಅವನ ಇಫಿ ಇರುವುದು ಕೆಂಪು ಹಾಸಿನ ಪಕ್ಕದ ಹಗ್ಗದಾಚೆ. ಸಂಜೆ ಆರಕ್ಕೆ ಬರುವ ತಾರೆಗೆ ಮೂರಕ್ಕೇ ಹೋಗಿ ನಿಲ್ಲಬೇಕು. ಜಾಗ ಬಿಟ್ಟು ನೀರು ಕುಡಿಯಲು ಹೋದರೆ ಜಾಗ ಹೋಯಿತು. ತಾರೆ ಹಾದುಹೋಗುವುದು ಒಂದು ನಿಮಿಷವೂ ಇಲ್ಲ. ಆ ಹೊತ್ತಿನಲ್ಲಿ ಎಲ್ಲರೂ ಕೂಗುತ್ತಾರೆ: ಸರ್ ಈ ಕಡೆ, ಮೇಡಂ ಇಲ್ಲಿ, ಒಂದೇ ಒಂದು. ನಮ್ಮ ಕಣ್ಣಿಗೆ ಬೀಳುವ ಆ ನಗು, ಕ್ಯಾಮೆರಾದತ್ತ ತಿರುಗಿದ ಆ ಕತ್ತು, ಯಾರೋ ಗಂಟಲು ಹರಿದುಕೊಂಡು ಕೂಗಿದ್ದರ ಫಲ. ಚಿತ್ರದಲ್ಲಿ ಕೂಗು ಉಳಿಯುವುದಿಲ್ಲ.

ಅದೇ ಸಂಜೆ ಸರ್ಕಾರದ ಪಿಐಬಿಯ ಚಿತ್ರಗಳು ಪುಕ್ಕಟೆಯಾಗಿ ಎಲ್ಲ ಪತ್ರಿಕೆಗೂ ಸಿಗುತ್ತವೆ. ಆದ್ದರಿಂದ ಅವನ ನಿಜವಾದ ಸಂಪಾದನೆ ಕೆಂಪು ಹಾಸಿನಲ್ಲಿ ಅಲ್ಲ, ಆಮೇಲೆ ನಡೆಯುವ ಪಾರ್ಟಿಗಳಲ್ಲಿ, ಬ್ರ್ಯಾಂಡಿನವರ ಸಮಾರಂಭಗಳಲ್ಲಿ, ರೆಸಾರ್ಟ್ ಮದುವೆಗಳಲ್ಲಿ. ಅಲ್ಲಿ ನಿಯಮ ಬೇರೆ. ಕೇಕ್ ಕತ್ತರಿಸುವಷ್ಟರಲ್ಲಿ ಮೊದಲ ಹತ್ತು ಫೋಟೊ ಕಂಪನಿಯವರ ಫೋನಿಗೆ ಹೋಗಿರಬೇಕು. ಹಾಲಿನ ಹಿಂಭಾಗದಲ್ಲಿ, ಪಾತ್ರೆ ತೊಳೆಯುವ ಜಾಗಕ್ಕೆ ಹತ್ತಿರ, ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಅವನು ಆರಿಸುತ್ತಿದ್ದ. ನಾನು ಪಕ್ಕದಲ್ಲಿ ನಿಂತು ನೋಡಿದ ರಾತ್ರಿ ಸುಮಾರು 1,400 ಸಲ ಕ್ಲಿಕ್ ಮಾಡಿದ್ದ, ಕೊಟ್ಟದ್ದು 60. ಯಾವುದನ್ನು ಬಿಡುತ್ತಾನೆ ಅಂತ ಕೇಳಿದೆ. ಬಾಯಿ ತೆರೆದದ್ದು, ಕಣ್ಣು ಮುಚ್ಚಿದ್ದು, ಗ್ಲಾಸು ಕೈಯಲ್ಲಿದ್ದದ್ದು, ಒಬ್ಬರೇ ಇದ್ದದ್ದು. ಒಬ್ಬರೇ ಯಾಕೆ ಬೇಡ? “ಪಾರ್ಟ್ಯಾಗ ಒಬ್ಬರ ನಿಂತಂಗ ಕಂಡ್ರ ಅದು ಪಾರ್ಟಿ ಅನಸೂದಿಲ್ಲ.” ವಿಮರ್ಶೆಯ ತರಗತಿಯಲ್ಲಿ ಸಂಪಾದನಶಾಸ್ತ್ರ ಅಂತ ನಾವು ಕಲಿಯುತ್ತೇವಲ್ಲ, ಪಾಠಾಂತರ, ಪ್ರಕ್ಷೇಪ ಎಲ್ಲ, ಅದನ್ನು ಇವನು ನಲವತ್ತು ನಿಮಿಷದಲ್ಲಿ ಒಂದು ರಾತ್ರಿಯ ಮೇಲೆ ಮಾಡುತ್ತಾನೆ. ಆ ರಾತ್ರಿಯ ಪಠ್ಯ ಅಂತ ಜಗತ್ತಿಗೆ ಉಳಿಯುವುದು ಅವನು ಆರಿಸಿದ್ದೇ. ಮಾಡಿದ ಕೆಲಸದ ಹಣ ಕೈಸೇರಲು ಎರಡು ಮೂರು ತಿಂಗಳು ಹಿಡಿಯುತ್ತದೆ, ಅದಕ್ಕೂ ನಾಲ್ಕು ಸಲ ಜ್ಞಾಪಿಸಬೇಕು. (ಇಂಥವನ ಮುಂದೆ ದಯವಿಟ್ಟು ಯಾರೂ ಕಾಯಕತತ್ವ ಹೇಳಬೇಡಿ. ನಾನು ಹೇಳಿ ನೋಡಿದ್ದೇನೆ.)

ಮದುವೆಗಳದ್ದು ಇನ್ನೂ ಬಿಗಿ. 2017ರಲ್ಲಿ ಸಮಂತಾ ಮತ್ತು ನಾಗ ಚೈತನ್ಯ, 2024ರಲ್ಲಿ ರಕುಲ್ ಪ್ರೀತ್ ಸಿಂಗ್ ಮತ್ತು ಜಾಕಿ ಭಗ್ನಾನಿ, ಹೀಗೆ ತಾರೆಯರ ಮದುವೆಗಳಿಗೆ ಗೋವಾ ಒಂದು ಮಂಟಪವೇ ಆಗಿದೆ. ಅಣ್ಣ ಹೋಗುವುದು ಇಷ್ಟು ದೊಡ್ಡವಕ್ಕಲ್ಲ. ಆದರೂ ಅಂಥ ಮದುವೆಗಳಲ್ಲಿ ಯಾವ ಚಿತ್ರವನ್ನೂ ಎಲ್ಲೂ ತೋರಿಸುವುದಿಲ್ಲ ಅಂತ ಅವನಿಂದ ಬರೆಸಿಕೊಳ್ಳುತ್ತಾರೆ, ತನ್ನ ಕೆಲಸದ ಮಾದರಿ ಅಂತ ಕೂಡ.

ಕಾನೂನು ಏನು ಹೇಳುತ್ತದೆ ಅಂತ ಸ್ವಲ್ಪ ಓದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೊ ತೆಗೆದವನೇ ಅದರ ಕರ್ತೃ. ಆದರೆ 17ನೇ ಕಲಮಿನಲ್ಲಿ ಒಂದು ಆದರೆ ಇದೆ. ಯಾರಾದರೂ ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊ ಆದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಒಡೆಯ ತೆಗೆಸಿದವನು. ಅಂದರೆ ಕರ್ತೃ ಒಬ್ಬ, ಒಡೆಯ ಇನ್ನೊಬ್ಬ. ಕಥೆಗಾರನಿಗೆ, ಕವಿಗೆ ಈ ಷರತ್ತು ಹೀಗೆ ಅನ್ವಯಿಸುವುದಿಲ್ಲ, ಗಮನಿಸಿ. 2012ರ ತಿದ್ದುಪಡಿಯಲ್ಲಿ ಒಂದು ಒಳ್ಳೆಯದಾಯಿತು: ಅದುವರೆಗೆ ಫೋಟೊದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಮಾತ್ರ ಇತ್ತು, ಈಗ ಸಾಹಿತ್ಯದಂತೆಯೇ ಕರ್ತೃವಿನ ಜೀವಮಾನ ಮತ್ತು ನಂತರದ 60 ವರ್ಷ. ಮತ್ತೆ 57ನೇ ಕಲಂ ಇದೆ. ಹಕ್ಕನ್ನು ಮಾರಿದ ಮೇಲೂ ‘ಇದು ನನ್ನದು’ ಅಂತ ಹೇಳಿಕೊಳ್ಳುವ ಅಧಿಕಾರ ಕರ್ತೃವಿಗೆ ಉಳಿಯುತ್ತದೆ. ಅಣ್ಣನಿಗೆ ಇದನ್ನು ಓದಿ ಹೇಳಿದೆ. ‘ಹೇಳಕೋಬಹುದು, ಮುಂದಿನ ಸೀಸನ್ನಿಗೆ ಕರೀಬೇಕಲ್ಲ’ ಅಂದ.

ಈಗ ಸ್ಟಾಕ್ ಚಿತ್ರಗಳು. ನನ್ನ ಮುಖ್ಯ ಮಾತು ಇಲ್ಲಿದೆ. ತಾರೆಯ ಚಿತ್ರದಲ್ಲಿ ಬೆಲೆ ಇರುವುದು ಹೆಸರಿಗೆ. ಸ್ಟಾಕ್ ಚಿತ್ರದಲ್ಲಿ ಬೆಲೆ ಇರುವುದು ಹೆಸರಿಲ್ಲದಿರುವುದಕ್ಕೆ. ಚಿತ್ರ ಯಾರದ್ದೂ ಆಗಬಾರದು, ಯಾವ ಊರಿನದೂ ಆಗಬಾರದು, ಆಗಲೇ ಅದು ಎಲ್ಲ ಜಾಹೀರಾತಿಗೂ ಹೊಂದುತ್ತದೆ. ಮುಖ ಕಂಡರೆ ಆ ವ್ಯಕ್ತಿಯ ಸಹಿ ಇರುವ ಒಪ್ಪಿಗೆ ಪತ್ರ ಬೇಕು. ಇಲ್ಲದಿದ್ದರೆ ಅದು ಸುದ್ದಿ, ಲೇಖನಗಳಿಗೆ ಮಾತ್ರ. ಅಂಥ ಚಿತ್ರಗಳ ಅಡಿಬರಹಕ್ಕೆ ಷಟ್ಪದಿಯಷ್ಟೇ ಬಿಗಿಯಾದ ಛಂದಸ್ಸಿದೆ. ಮೊದಲು ಊರು, ದೇಶ, ಅಡ್ಡಗೆರೆ, ತಾರೀಖು, ಆಮೇಲೆ ಬಣ್ಣವಿಲ್ಲದ ಒಂದು ಇಂಗ್ಲಿಷ್ ವಾಕ್ಯ. ಜೊತೆಗೆ ಹುಡುಕುಪದಗಳು. ಶಟರ್‌ಸ್ಟಾಕ್‌ನಲ್ಲಿ ಕಡಿಮೆ ಅಂದರೆ 7, ಹೆಚ್ಚೆಂದರೆ 50. 2020ರ ಜೂನ್‌ನಿಂದ ಆ ತಾಣ ಚಿತ್ರಕಾರನ ಪಾಲನ್ನು ಶೇ. 15ರಿಂದ 40ರವರೆಗೆ ಮೆಟ್ಟಿಲು ಮಾಡಿದೆ. ವರ್ಷವಿಡೀ ಹತ್ತಿದ ಮೆಟ್ಟಿಲು ಜನವರಿ 1ಕ್ಕೆ ಮತ್ತೆ ಕೆಳಕ್ಕೆ. ಒಂದು ಚಿತ್ರ ಇಳಿಸಿಕೊಂಡರೆ ಕನಿಷ್ಠ 10 ಸೆಂಟ್. ಯಾರು ಕೊಂಡರು, ಎಲ್ಲಿ ಬಳಸಿದರು ಅನ್ನುವುದು ಅಣ್ಣನಿಗೆ ತಿಳಿಯುವುದಿಲ್ಲ.

ಅಣ್ಣನ ಹುಡುಕುಪದಗಳ ಪಟ್ಟಿಗಳನ್ನು ನಾನು ಒಂದು ಮಳೆಗಾಲವಿಡೀ ಓದಿದೆ. ಗೋವಾ, ಬೀಚ್, ಸೂರ್ಯಾಸ್ತ, ತೆಂಗು, ರಜೆ, ಸ್ವರ್ಗ, ಪೋರ್ಚುಗೀಸ್. ನೂರಾರು ಚಿತ್ರಗಳಿಗೆ ಇವೇ ಪದ. ಪಣಜಿಯ ಫೊಂತೈನ್ಯಾಸ್‌ನ ಜನ ಬೇಸತ್ತು ಮನೆ ಮುಂದೆ ‘ಫೋಟೊ ತೆಗೆಯಬೇಡಿ’ ಅಂತ ಫಲಕ ಹಾಕಿದ್ದಾರೆ. 2019ರಲ್ಲಿ ಪರ್ರಾ ಪಂಚಾಯಿತಿ ತನ್ನ ತೆಂಗಿನ ಸಾಲಿನ ರಸ್ತೆಯಲ್ಲಿ ಫೋಟೊ ತೆಗೆದರೆ ಶುಲ್ಕ ಅಂತ ಹೇಳಿ, ಗಲಾಟೆಯಾಗಿ ಹಿಂದೆಗೆದುಕೊಂಡಿತು. ಊರು ಕೂಡ ತನ್ನ ಚಿತ್ರದ ಪಾಲು ಕೇಳಿತ್ತು, ನಾವು ನಕ್ಕೆವು.

ಆ ಪಟ್ಟಿಗಳಲ್ಲಿ ಒಂದು ಬೇರೆ ಥರ ಇತ್ತು. ಕೊಳೆಗೇರಿ, ತೆರವು, ಬಡತನ, ಭಾರತ, ಮಹಿಳೆ, ವಲಸೆ, ಪಾತ್ರೆ. ಬೈನಾ ದಂಡೆಯ ಮನೆಗಳನ್ನು 2004ರಲ್ಲಿ ಕೆಡವಿದರು, ಮತ್ತೆ 2015ರಲ್ಲಿ. ಎರಡನೆಯ ಸಲ ಅಣ್ಣನ ಕೈಯಲ್ಲಿ ಹೊಸ ಕ್ಯಾಮೆರಾ ಇತ್ತು. ಆ ಚಿತ್ರದಲ್ಲಿ ಒಬ್ಬ ಹೆಂಗಸು ಒಡೆದ ಗೋಡೆಯ ಮುಂದೆ ತಲೆ ಮೇಲೆ ಹಂಡೆ, ಕಂಕುಳಲ್ಲಿ ಒಂದು ಗಂಟು ಹಿಡಿದು ನಿಂತಿದ್ದಾಳೆ. ಅಡಿಬರಹ ಹೇಳುವುದು ‘ಕೊಳೆಗೇರಿಯ ಮಹಿಳೆ’ ಅಂತ. ಆಕೆ ನಮ್ಮ ಅತ್ತೆ. ಅಪ್ಪನ ಸ್ವಂತ ತಂಗಿ. ಆ ಹಂಡೆ ಆಕೆಯ ಮದುವೆಯದು.

ಈ ಚಿತ್ರ ಕೆಲವು ಸಲ ಮಾರಾಟವಾಗಿದೆ. ನಾನು ಅಣ್ಣನ ಮೇಲೆ ಸಿಟ್ಟಾದೆ. ಅತ್ತೆ ಅಂತ ಬರೀಬಹುದಿತ್ತಲ್ಲ, ಕನ್ನಡದವಳು ಅಂತಾದರೂ? ಅವನು ನಿಧಾನಕ್ಕೆ ಹೇಳಿದ: “‘ಅತ್ತಿ’ ಅಂತ ಯಾರು ಹುಡುಕತಾರವಾ ತಂಗಿ?” ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇಲ್ಲ. ಹೆಸರು ಅಳಿಸಿಸಿಕೊಂಡ ಅವನೇ ಇಲ್ಲಿ ಇನ್ನೊಬ್ಬರ ಹೆಸರು ಅಳಿಸುತ್ತಿದ್ದಾನೆ. ಅವನಿಗದು ಗೊತ್ತು. ಅಳಿಸದಿದ್ದರೆ ಚಿತ್ರ ಯಾರ ಕಣ್ಣಿಗೂ ಬೀಳುವುದಿಲ್ಲ ಅನ್ನುವುದೂ ಗೊತ್ತು. ಜಯಂತ ಕಾಯ್ಕಿಣಿಯವರ ‘ತೂಫಾನ್ ಮೇಲ್’ ಕತೆಯ ಸ್ಟಂಟ್‌ಮನ್ ನೆನಪಾಗುತ್ತಾನೆ. ಸಿನಿಮಾದಲ್ಲಿ ಬೀಳುವುದು ಅವನ ಮೈ, ಏಳುವುದು ನಾಯಕನ ಮುಖ. ಅಂಥವರಿಗೆ ಕಾಯ್ಕಿಣಿ ಹೆಸರು ಕೊಟ್ಟು ಕತೆಯ ನಡುವೆ ನಿಲ್ಲಿಸುತ್ತಾರೆ. ಕತೆಗೆ ಆ ಸ್ವಾತಂತ್ರ್ಯ ಇದೆ. ಅಡಿಬರಹಕ್ಕೆ ಇಲ್ಲ. ನಮ್ಮ ವಿಮರ್ಶೆ ಕತೆಯನ್ನು ಓದಿದ ಗಮನದಲ್ಲಿ ಅಡಿಬರಹವನ್ನೂ ಓದಿದ್ದರೆ, ಅನುಕಂಪದ ಮಾತು ಸ್ವಲ್ಪ ಕಡಿಮೆಯಾಗಿ ಲೆಕ್ಕದ ಮಾತು ಜಾಸ್ತಿಯಾಗುತ್ತಿತ್ತೇನೋ.

ಇನ್ನೊಂದು ಹೋಲಿಕೆ, ನಮ್ಮ ಮನೆಯದೇ. ವಚನಗಳಲ್ಲಿ ಅಂಕಿತ ಅಂತ ಇದೆಯಲ್ಲ. ಕೂಡಲಸಂಗಮದೇವ ಅಂದರೆ ಬಸವಣ್ಣ, ರಾಮನಾಥ ಅಂದರೆ ನೇಕಾರ ದಾಸಿಮಯ್ಯ. ತಮ್ಮ ಹೆಸರು ಹಾಕದೆ ದೇವರ ಹೆಸರು ಹಾಕಿದರು. ಆದರೂ ಅದರಿಂದಲೇ ನಾವು ಯಾವ ವಚನ ಯಾರದ್ದು ಅಂತ ಗುರುತಿಸುತ್ತೇವೆ, ಅಂಕಿತ ಬದಲಾದರೆ ಸಂಶೋಧಕರು ಜಗಳ ಆಡುತ್ತಾರೆ. ಸ್ಟಾಕ್ ಚಿತ್ರದ ಮೇಲೆ ಅಡ್ಡಲಾಗಿ ಮಸುಕಾದ ಒಂದು ಅಂಕಿತ ಇರುತ್ತದೆ. ಅದು ತೆಗೆದವನದ್ದಲ್ಲ, ತಾಣದ್ದು. ದುಡ್ಡು ಕೊಟ್ಟರೆ ಅದೂ ಹೋಗುತ್ತದೆ. ಅಣ್ಣ ಫೈಲಿನ ಒಳಗೆ ತನ್ನ ಹೆಸರು, ಫೋನ್ ನಂಬರ್ ಬರೆದಿಟ್ಟಿರುತ್ತಾನೆ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಆ ಬರಹ ಉದುರಿಹೋಗುತ್ತದೆ. ಪೋಸ್ಟರಿನ ಚಿತ್ರದಲ್ಲಿ ಉದುರದೆ ಉಳಿದಿದ್ದ ಅಂಕಿತ ಆ ಮೊಣಕೈ ಒಂದೇ.

ಮುಂದಿನ ಸ್ಲೈಡ್ ಖಾಲಿ ಇದೆ, ತಾಂತ್ರಿಕ ತೊಂದರೆ ಅಲ್ಲ. ಅಲ್ಲಿ ಅತ್ತೆಯ ಚಿತ್ರ ಇರಬೇಕಿತ್ತು. ತೋರಿಸಬಹುದಾ ಅಂತ ಫೋನ್ ಮಾಡಿ ಕೇಳಿದೆ. ಆಕೆಗೆ ಚಿತ್ರ ಇರುವುದು ಗೊತ್ತಿತ್ತು, ನೋಡಿರಲಿಲ್ಲ. “ನನಗ ಮದ್ಲ ಒಂದು ಪ್ರಿಂಟ್ ಹಾಕಿಸಿ ಕೊಡಂತ ಹೇಳು ಅಂವಗ, ಆಮ್ಯಾಲ ಊರಿಗೆಲ್ಲ ತೋರಿಸ್ರಿ” ಅಂದರು. ಪ್ರಿಂಟ್ ಇನ್ನೂ ತಲುಪಿಲ್ಲ. ಹಾಗಾಗಿ ಖಾಲಿ ಬಿಟ್ಟಿದ್ದೇನೆ.

ನನ್ನ ಮಾತು ಇಷ್ಟು. ಚಾಟ್‌ನಲ್ಲಿ ಎರಡು ಪ್ರಶ್ನೆ ಬಂದಿವೆ, ಉತ್ತರಿಸುತ್ತೇನೆ.

ಮೊದಲನೆಯದು: ‘ಒಬ್ಬನೇ ವ್ಯಕ್ತಿಯ ಅನುಭವದಿಂದ, ಅದೂ ಸಂಬಂಧಿಕರಿಂದ, ಸಾಮಾನ್ಯ ತೀರ್ಮಾನಕ್ಕೆ ಬರಬಹುದೇ?’ ಬರಬಾರದು, ಸರ್. ನಾನು ಗೋವಾದ ಛಾಯಾಗ್ರಾಹಕರ ಸಮೀಕ್ಷೆ ಮಾಡಿಲ್ಲ, ಒಂದು ಅಡಿಬರಹವನ್ನು ಓದಿದ್ದೇನೆ. ಒಂದು ಕವಿತೆಯನ್ನು ಓದಿ ಪ್ರಬಂಧ ಬರೆದಾಗ ಈ ಪ್ರಶ್ನೆ ಬರುವುದಿಲ್ಲ ಅನ್ನುವುದನ್ನಷ್ಟೇ ವಿನಯದಿಂದ ಹೇಳ್ತೇನೆ. ಸಂಬಂಧಿಕ ಅನ್ನುವ ಆಕ್ಷೇಪ ಸರಿ. ಸಿಟ್ಟು ಮಾಡಿಕೊಂಡದ್ದು, ಮಾಫಿ ಮಾಡಿದ್ದು, ಎರಡರಲ್ಲೂ ಅದು ಕೆಲಸ ಮಾಡಿದೆ.

ಎರಡನೆಯದು ಗೆಳತಿಯದು: ‘ಕೊನೆಗೆ ಆ ಪೋಸ್ಟರ್ ಫೋಟೊಗೆ ಅಣ್ಣನಿಗೆ ದುಡ್ಡು ಕೊಟ್ಟಿರಾ?’ ಇಲ್ಲ. ಬಳಗದ ಖರ್ಚಿನ ಹಾಳೆಯಲ್ಲಿ ಬ್ಯಾನರ್ ಮುದ್ರಣಕ್ಕೆ, ಹಾರಕ್ಕೆ, ಚಹಾಕ್ಕೆ ಸಾಲುಗಳಿವೆ, ಚಿತ್ರಕ್ಕೆ ಸಾಲಿಲ್ಲ. ಈ ಸಲ ಒಂದು ಸಾಲು ಸೇರಿಸಿ ಕೊಟ್ಟಿದ್ದೇನೆ. ಎಷ್ಟು ಬರೆಯಲಿ ಅಂತ ಅಣ್ಣನನ್ನು ಕೇಳಿದ್ದಕ್ಕೆ, ‘ಹಾರಕ್ಕೆಷ್ಟು ಕೊಡತೀರಿ, ಅಷ್ಟ ಬರಿ’ ಅಂದ. 350 ರೂಪಾಯಿ ಅಂತ ಬರೆದಿದ್ದೇನೆ. ಮಂಜೂರಾತಿ ಇನ್ನೂ ಬಂದಿಲ್ಲ.